ಮಾವ ಪಾಳಿ ಖುಲ್ಲಾ ಮಾಡಿದ್ದು

ನಮ್ಮ ಸೋದರಮಾವನ ಜೊತೆ ಮಾತಾಡಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಅವನನ್ನು ‘ಕಾಲ್’ ಮಾಡಿದವರು ಮಾತ್ರ ಇದ್ದಾರೆ! ಫೋನಿನಲ್ಲಲ್ಲ, ಎದುರಿಗೆ ನಿಂತೇ. ಮಾವ ಪ್ರೋಗ್ರಾಮು ಬರೆಯುವ ಮನುಷ್ಯ. ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಮೆಥಡ್ ಇರುತ್ತದಂತೆ. ಹೆಸರು ಹಿಡಿದು ಕರೆದರೆ ಅದು ತನ್ನ ಉತ್ತರವನ್ನಷ್ಟೇ ಕೊಟ್ಟು ತೆಪ್ಪಗಾಗುತ್ತದಂತೆ. ಶಹಾಪುರದಲ್ಲಿ ಟೈಪಿಂಗ್ ಕ್ಲಾಸು ನಡೆಸಿಕೊಂಡಿದ್ದವನು ನಡುವಯಸ್ಸಿನಲ್ಲಿ ಯಾವುದೋ ದಪ್ಪ ಪುಸ್ತಕದಿಂದ ಇದನ್ನು ಕಲಿತ. ಕಲಿತವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ವರ್ಷ ತಾನು ಬದುಕಿದ್ದೇ ಹೀಗಲ್ಲವೇ!

“ಮಾವ, ಊಟ ಆತೇನು?”

“ಆತು.”

“ಅತ್ತಿ ಏನು ಮಾಡಿದ್ಲು?”

“ಅದು ಬ್ಯಾರೆ ಕಾಲ್.”

ಆ ಬೇರೆ ಕಾಲನ್ನೂ ಮಾಡಿದಿರಿ ಅನ್ನಿ. “ರೊಟ್ಟಿ” ಎನ್ನುತ್ತಾನೆ. ಪಲ್ಯ ಯಾವುದೆಂದು ತಿಳಿಯಲು ಮತ್ತೊಂದು. ಖಾರ ಹೆಚ್ಚಾಗಿತ್ತೋ ಕಡಿಮೆಯೋ ಎಂದು ತಿಳಿಯುವಷ್ಟರಲ್ಲಿ ನಿಮಗೇ ಹಸಿವಾಗಿರುತ್ತದೆ. “ಕೆನಾಲಿಗಿ ನೀರು ಬಂದಾವೇನ್ರಿ ಮಾಸ್ತರ?” ಎಂದು ಯಾರಾದರೂ ಕೇಳಿದರೆ, ಪ್ರೋಗ್ರಾಮಿನ ಭಾಷೆಯಲ್ಲಿ “ಸತ್ಯ” ಎಂದು ಹೇಳಿ ಮುಂದೆ ಹೋಗುತ್ತಾನೆ. ಕೇಳಿದವನು ಇದು ಹೌದೋ, ಇಲ್ಲ ಯಾವುದಾದರೂ ವಚನದ ಮೊದಲ ಸಾಲೋ ಎಂದು ತಿಳಿಯದೆ ಅಲ್ಲೇ ನಿಂತಿರುತ್ತಾನೆ.

ಒಮ್ಮೆ ತಿಂಥಣಿಗೆ ಹೋಗಿದ್ದೆವು, ಮೌನೇಶ್ವರನ ದರ್ಶನಕ್ಕೆ. ನಾವೆಲ್ಲ ಕೈಮುಗಿದು ಹೊರಗೆ ಬಂದು ಹೊಳೆಗೆ ಕಾಲು ಬಿಟ್ಟು ಕೂತರೂ ಮಾವ ಬರಲಿಲ್ಲ. ಹೋಗಿ ನೋಡಿದರೆ ಗದ್ದುಗೆಯ ಮುಂದೆ ಕಣ್ಣುಬಿಟ್ಟುಕೊಂಡು ನಿಂತಿದ್ದಾನೆ.

“ಏನು ಮಾಡಾಕತ್ತಿ ಮಾವ?”

“ಕೇಳೀನಿ. ಉತ್ತರ ಇನ್ನಾ ಬಂದಿಲ್ಲ.”

ಹಿಂದೆ ನಿಂತ ಭಕ್ತರು ನೂಕಲು ಶುರು ಮಾಡಿದ ಮೇಲೆ “ಟೈಮ್‌ಔಟ್ ಆತು, ನಡಿ” ಎಂದು ಹೊರಬಂದ. ದೇವರ ಮೇಲೆ ಸಿಟ್ಟೇನೂ ಇರಲಿಲ್ಲ ಪಾಪ. ಆ ಕಡೆ ಲೋಡು ಜಾಸ್ತಿ ಇರಬೇಕೆಂದು ತಾನೇ ಸಮಾಧಾನ ಹೇಳಿಕೊಂಡ.

ಇವೆಲ್ಲ ಹೀಗೇ ನಡೆದವೆಂದು ನಾನು ಆಣೆ ಮಾಡಲಾರೆ. ನಾನು ಯಾದಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವವಳು. ನೆನಪನ್ನು ನಂಬಬೇಡಿ ಎಂದು ಹೇಳುವುದಕ್ಕೇ ನನಗೆ ಸಂಬಳ. ನೆನಪು ಇಸ್ತ್ರಿ ಅಂಗಡಿಯಿದ್ದಂತೆ, ಏನು ಕೊಟ್ಟರೂ ಸುಕ್ಕು ತೆಗೆದೇ ವಾಪಸು ಕೊಡುತ್ತದೆ. ಮಾವನಾದರೋ ಮೈತುಂಬಾ ಸುಕ್ಕಿರುವ ಮನುಷ್ಯ. ಹಾಗಾಗಿ ಈ ಪ್ರಬಂಧ ನೀಟಾಗಿ ಕಂಡಲ್ಲೆಲ್ಲ ನನ್ನನ್ನು ಅನುಮಾನಿಸಿ.

ಅನುಮಾನವೇ ಇಲ್ಲದ ವಿಷಯ ಒಂದಿದೆ. ಮಾವನಿಗೆ ಮನೆಗೆ ಜನ ಬರಬಾರದು. ಅತ್ತೆಗೆ ಮನೆಗೆ ಜನ ಬರಬೇಕು. ಈ ಕಥೆ ಇಷ್ಟೇ.

ಅತ್ತೆ ಕೆಂಭಾವಿಯ ಅಂಗಡಿಕಾರರ ಮಗಳು. ಸಂತೆಯ ದಿನ ಹುಟ್ಟಿದವಳೆಂದು ಅವಳ ತವರಿನಲ್ಲಿ ಹೇಳುತ್ತಾರೆ. ನಿಜವಿರಬೇಕು, ಇಲ್ಲದಿದ್ದರೆ ಆ ದನಿ ಎಲ್ಲಿಂದ ಬರಬೇಕು? ಅಂಗಡಿಯ ಹಿಂದೆ ಮನೆ, ಮನೆಯ ಮುಂದೆ ಅಂಗಡಿ, ಎರಡರ ನಡುವೆ ಸದಾ ನಿಂತ ಮಂದಿ. ಅಂಥ ಮನೆಯಿಂದ ಬಂದವಳು ಶಹಾಪುರದ ಗುಡ್ಡದ ಎದುರಿನ ಈ ಮನೆಗೆ ಸೇರಿದಳು. ಆ ಗುಡ್ಡ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ ಎನ್ನುತ್ತಾರೆ. ಅತ್ತೆಯ ಪ್ರಕಾರ ಗುಡ್ಡಕ್ಕೂ ಗಂಡನಿಗೂ ಇರುವ ವ್ಯತ್ಯಾಸವೆಂದರೆ, ಗುಡ್ಡದ ಹತ್ತಿರ ಕೂಗಿದರೆ ತಿರುಗಿ ದನಿಯಾದರೂ ಬರುತ್ತದೆ. ಮಕ್ಕಳಾಗಲಿಲ್ಲ. ಆ ಮಾತನ್ನು ಅವರಿಬ್ಬರೂ ಎತ್ತುತ್ತಿರಲಿಲ್ಲ, ನಾನೂ ಇಲ್ಲಿಗೇ ಬಿಡುತ್ತೇನೆ.

ಅತ್ತೆಯ ಬದುಕಿಗೆ ಜನರನ್ನು ತಂದದ್ದು ಕೆನಾಲು. ಕೃಷ್ಣೆಯ ನೀರು ನಮ್ಮ ಕಡೆಯ ಹೊಲಗಳಿಗೆ ಬಂದ ಮೇಲೆ ಅದನ್ನು ಹಂಚಿಕೊಳ್ಳಲು ಪಾಳಿ ಬಂತು: ಕಾಲುವೆಯ ತಲೆಯ ತೂಬಿಗೆ ಇಂಥ ವಾರ, ಕೊನೆಗಿರುವ ಬಾಲದ ತೂಬಿಗೆ ಇಂಥ ಹೊತ್ತು. ಮಾವನಿಗೂ ಆ ಕಾಲುವೆಯ ಮೇಲೆ ಒಂದಿಷ್ಟು ಹೊಲವಿತ್ತು. ಜಗಳವಾಡಲು ಬಾರದ ಒಬ್ಬನೇ ಮನುಷ್ಯ ಎಂದು ಎಲ್ಲರೂ ಕೂಡಿ ಪಾಳಿ ಹೇಳುವ ಕೆಲಸ ಅವನಿಗೇ ಹಚ್ಚಿದರು. ಅಂದಿನಿಂದ ಪಾಳಿ ಕೇಳಲು ರೈತರು ಮನೆಗೆ ಬರತೊಡಗಿದರು.

ನಮ್ಮ ಕಡೆ ಪಾಳಿ ಕೇಳುವುದಕ್ಕೆ ಒಂದು ಕ್ರಮವಿದೆ. ಬಂದವನು ಪಾಳಿ ಕೇಳುವುದಿಲ್ಲ! ಮೊದಲು ಕೂರುತ್ತಾನೆ. ನೀರು ಕುಡಿಯುತ್ತಾನೆ. ಆರಾಮ ಅದೀರೇನ್ರಿ ಎನ್ನುತ್ತಾನೆ. ಚಹಾ ಬರುತ್ತದೆ. ಎಮ್ಮೆಯ ಕಾಲು ಕುಂಟಿದ್ದು, ಬೀಗರು ಮುನಿಸಿಕೊಂಡದ್ದು, ಹತ್ತಿಗೆ ಹುಳು ಬಿದ್ದದ್ದು ಎಲ್ಲ ಆಗುತ್ತದೆ. ಎದ್ದು ಚಪ್ಪಲಿ ಮೆಟ್ಟಿಕೊಂಡ ಮೇಲೆ, ಈಗಷ್ಟೇ ನೆನಪಾದವನ ಹಾಗೆ, “ಅಂದಂಗ ನಮ್ಮ ಪಾಳಿ ಯಾವಾಗ್ರಿ?” ಎನ್ನುತ್ತಾನೆ. ಬಂದ ಕೂಡಲೇ ಕೇಳಿದರೆ ನೀರಿಗಾಗಿಯೇ ಬಂದ ಹಾಗೆ ಆಗುತ್ತದಲ್ಲ, ಛೆ, ಅದೆಂಥ ಮರ್ಯಾದೆ!

ಅತ್ತೆಗೆ ಇದು ಹಬ್ಬ. ಒಬ್ಬನ ಎಮ್ಮೆಯ ಸುದ್ದಿಯನ್ನು ಇನ್ನೊಬ್ಬನಿಗೆ, ಅವನ ಬೀಗರ ಸುದ್ದಿಯನ್ನು ಮತ್ತೊಬ್ಬನಿಗೆ ಮುಟ್ಟಿಸುತ್ತ ಪಡಸಾಲೆಯನ್ನೇ ಕೆಂಭಾವಿ ಮಾಡಿಬಿಟ್ಟಳು. ಮಾವನಿಗೆ ಮಾತ್ರ ಪ್ರಾಣಸಂಕಟ. “ಪ್ರಶ್ನಿ ಇಷ್ಟ ಅದ” ಎಂದು ಕಿರುಬೆರಳ ತುದಿ ತೋರಿಸುತ್ತಿದ್ದ. “ಉತ್ತರನೂ ಇಷ್ಟ ಅದ. ನಡುವ ಎಮ್ಮಿ ಯಾಕ ಬರಬೇಕು?”

ಎಮ್ಮೆ ಬಾರದ ಹಾಗೆ ಮಾಡುವ ದಾರಿ ಅವನಿಗೆ ಆ ದಪ್ಪ ಪುಸ್ತಕದ ಕೊನೆಯ ಭಾಗದಲ್ಲಿ ಸಿಕ್ಕಿತು. ಅದರ ಹೆಸರು ವೆಬ್ ಸರ್ವೀಸ್. ನಾನು ಭಾನುವಾರ ಬಸ್ಸು ಹಿಡಿದು ಹೋದಾಗ, ಕೇಳದೆಯೇ ವಿವರಿಸಿದ. ಕೇಳದೆಯೇ! ಆಗಲೇ ನನಗೆ ಗಾಬರಿಯಾಗಬೇಕಿತ್ತು.

“ನೋಡಬೇ. ಮೆಥಡ್ ಎಲ್ಲಾ ಕೂಡಿ ಇರೋ ಕ್ಲಾಸ್ ಅಂದ್ರ ಕೆನಾಲ್ ಅನ್ಕೋ. ಮೆಥಡ್ ಅಂದ್ರ ತೂಬು. ತೂಬು ಬಂದ್ ಇದ್ದಾಗ ನೀರು ಒಳಗ ಹರೀತಿರ್ತದ, ಹೊರಗಿನವ್ರಿಗಿ ಗೊತ್ತೂ ಆಗಾಂಗಿಲ್ಲ. ಅದ್ನ ಖುಲ್ಲಾ ಮಾಡಿದ್ವಿ ಅಂದ್ರ ಸುರಪುರದಾಗ ಕುಂತವನೂ ಅಲ್ಲಿಂದನ ಕಾಲ್ ಮಾಡಿ ಉತ್ತರ ತಗೋಬಹುದು.”

“ಖುಲ್ಲಾ ಹೆಂಗ ಮಾಡ್ತಿ?”

“ನಾ ಏನೂ ಮಾಡಾಂಗಿಲ್ಲ. ಒಂದು ಗುರುತು ಹಾಕಿದ್ರ ಸಾಕು. ಉಳಿದದ್ದು ಕಂಪ್ಯೂಟರಿನೊಳಗಿನ ಫ್ರೇಮ್‌ವರ್ಕ್ ತಾನೇ ಮಾಡ್ತದ. ಮೆಥಡಿನ ತಲಿ ಮ್ಯಾಲ ಹಾಕಿದ್ರ ಅದೊಂದ ಖುಲ್ಲಾ. ಕ್ಲಾಸಿನ ತಲಿ ಮ್ಯಾಲ ಹಾಕಿದ್ರ ಒಳಗಿನವು ಎಲ್ಲಾ ಖುಲ್ಲಾ.”

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಎಲ್ಲಾ ತೂಬು ಒಮ್ಮಿಗೇ ತೆರದ್ರ ಊರೇ ಹಸಿ ಆಗ್ತದ, ಎಚ್ಚರ!”

“ಆಕಿಗಿ ಕಂಪ್ಯೂಟರ್ ತಿಳಿಯಾಂಗಿಲ್ಲ,” ಎಂದ ಮಾವ.

ಈಗ ಮಾವ ಮಾಡಿದ ಕೆಲಸ ಹೇಳುತ್ತೇನೆ. ಬೇರೆ ಯಾರೇ ಆಗಿದ್ದರೂ ಕಾಲುವೆಯ ಪಾಳಿಗೆ ಒಂದು ಕ್ಲಾಸು ಬರೆದು ಮುಗಿಸುತ್ತಿದ್ದರು. ಆದರೆ ಮಾವನ ಮನೆಯಲ್ಲಿ ಎಲ್ಲಕ್ಕೂ ಪಾಳಿ ಇತ್ತು. ಬಚ್ಚಲಿಗೆ ಯಾರು ಮೊದಲು ಎಂಬುದಕ್ಕೆ ಪಾಳಿ. ಬೆಳಿಗ್ಗೆ ಹಾಲು ತರುವುದಕ್ಕೆ ಪಾಳಿ. ಜಗಳವಾದರೆ ಯಾರು ಮೊದಲು ಮಾತಾಡಬೇಕು ಎಂಬುದಕ್ಕೂ ಪಾಳಿ! ಈ ಸಲ ಅವನಾದರೆ ಮುಂದಿನ ಸಲ ಅವಳು. ಮದುವೆಯ ಹೊಸದರಲ್ಲಿ ಗಂಡಹೆಂಡತಿ ಮಾಡಿಕೊಂಡ ಕರಾರು ಅದು. ಅವನ್ನೆಲ್ಲ ಮಾವ ತನ್ನ ಉಪಯೋಗಕ್ಕೆಂದು ಮೊದಲೇ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ. ‘ಪಾಳಿ’ ಎಂಬ ಆ ಕ್ಲಾಸಿನೊಳಕ್ಕೇ ಕಾಲುವೆಯ ಪಾಳಿಯನ್ನೂ ಸೇರಿಸಿದ.

ಯಾಕೆಂದು ಆಮೇಲೆ ಕೇಳಿದ್ದಕ್ಕೆ, “ಪಾಳಿ ಅಂದ್ರ ಪಾಳಿ. ಹೊಲದ್ದು ಬ್ಯಾರೆ, ಮನಿದು ಬ್ಯಾರೆ ಅಂತ ಇರ್ತದೇನು?” ಎಂದ. ನಮ್ಮ ಮಂದಿಗೆ ಇದು ತಪ್ಪೆನ್ನಿಸುವುದೂ ಇಲ್ಲ. ಎತ್ತು ಕಟ್ಟುವ ಗೂಟಕ್ಕೇ ಮದುವೆಯ ಹಂದರದ ಹಗ್ಗ ಬಿಗಿಯುವವರಲ್ಲವೇ ನಾವು!

ಸೇರಿಸಿದವನು ಖುಲ್ಲಾ ಮಾಡುವ ಗುರುತನ್ನು ಎಲ್ಲಿ ಹಾಕಿದ? ಹೌದು. ಕ್ಲಾಸಿನ ನೆತ್ತಿಯ ಮೇಲೆ.

ಇನ್ನು ಈ ಕಥೆಗೆ ಸುರಪುರದವನೊಬ್ಬನನ್ನು ಕರೆಯಬೇಕು. ಅವನದು ಅಲ್ಲಿ ಒಂದು ಮೊಬೈಲ್ ಅಂಗಡಿ. ಮಾವನ ಹಳೆಯ ವಿದ್ಯಾರ್ಥಿ, ಗುರುವಿನ ಹಾಗೇ ಹೇಳಿದ್ದನ್ನು ಅಕ್ಷರಶಃ ಮಾಡುವ ಮನುಷ್ಯ. ರೈತರು ಒಂದು ನಂಬರಿಗೆ ಫೋನು ಹಚ್ಚಿದರೆ, ಅವನ ಪ್ರೋಗ್ರಾಮು ಮಾವನ ಸರ್ವೀಸನ್ನು ಕೇಳಿ ಉತ್ತರವನ್ನು ಮೆಸೇಜಾಗಿ ಕಳಿಸಬೇಕು. ಒಪ್ಪಂದ ಇಷ್ಟೇ. ಮಾವ ಅವನಿಗೆ ಏನನ್ನೂ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವಂತೆ, ಯಾಕೆಂದರೆ ತನ್ನಲ್ಲಿ ಏನೇನು ಖುಲ್ಲಾ ಇದೆ ಎಂಬುದನ್ನು ಸರ್ವೀಸು ತಾನೇ ಊರಿಗೆಲ್ಲ ಹೇಳುತ್ತದಂತೆ. ಅತ್ತೆಯ ಹಾಗೆ.

ಶುರುವಾದ ದಿನ ಮಾವ ಪಡಸಾಲೆಯ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟ. ಇನ್ನು ಯಾರೂ ಬರುವುದಿಲ್ಲ ಎಂಬ ಧೈರ್ಯ. ಅತ್ತೆ ಅವನ್ನು ನೋಡಿದಳು, ಮಾತಾಡಲಿಲ್ಲ. ಅಂದರೆ ಜಗಳ ಶುರುವಾಯಿತು. ಅಷ್ಟರಲ್ಲಿ ಮನೆಯ ಫೋನು ರಿಂಗಾಯಿತು. ಅತ್ತೆ ಎತ್ತಿದಳು.

“ಅಕ್ಕಾರ, ನಿಮ್ಮ ಜಳಕ ಆತೇನ್ರಿ?”

“ಯಾವನೋ ಅಂವ!”

“ನಾನ್ರಿ, ಬಾಲದ ತೂಬಿನಾಂವ. ಸಿಟ್ಟಾಗಬ್ಯಾಡ್ರಿ. ಪಾಳಿ ಕೇಳಾಕ ನಂಬರ್ ಹಚ್ಚಿದ್ನಿರಿ. ನೀರಿನ ಪಾಳಿಗಿ ಒಂದು ಒತ್ರಿ, ಜಳಕದ ಪಾಳಿಗಿ ಎರಡು ಒತ್ರಿ ಅಂತು. ಕೈ ತಪ್ಪಿ ಎರಡು ಒತ್ತೀನ್ರಿ. ಈಗ ನಿಮ್ದ ಪಾಳಿ ನಡದದಂತ ಬಂದದ. ನೀವು ಜರಾ ಜಲ್ದಿ ಮುಗಿಸಿದ್ರ ನಮಗ ನೀರು ಬರ್ತಾವೇನ್ರಿ?”

ಅತ್ತೆ ಫೋನು ಇಟ್ಟ ಸದ್ದಿಗೆ ಪೇರಿಸಿದ ಕುರ್ಚಿಗಳು ಉರುಳಿದವು ಎಂದು ನನ್ನ ನೆನಪು ಹೇಳುತ್ತದೆ. ಹೇಳಿಕೊಳ್ಳಲಿ.

ಮಾವ ಸುರಪುರಕ್ಕೆ ಫೋನು ಮಾಡಿದ. ಶಿಷ್ಯ ಹಿಗ್ಗಿಹೋಗಿದ್ದ. “ಎಲ್ಲಾ ಹಾಕೀನ್ರಿ ಸರ! ನಿಮ್ಮ ಸರ್ವೀಸ್ ಏನೇನು ತೋರಸ್ತದ, ಒಂದೂ ಬಿಟ್ಟಿಲ್ಲ. ಮಂದಿಗಿ ಭಾಳ ಪಸಂದ್ ಬಿದ್ದದರಿ. ನಾಕನೇದ್ದು ಭಾರಿ ನಡದದ.”

“ನಾಕನೇದ್ದು ಯಾವದೋ?”

“ಮಾತಾಡೋ ಪಾಳಿರಿ.”

ಅಂದರೆ ಗಂಡಹೆಂಡತಿ ಮಾತು ಬಿಟ್ಟಿದ್ದಾರೆ, ಈ ಸಲ ಮೊದಲು ಮಾತಾಡಬೇಕಾದವಳು ಅತ್ತೆ ಎಂಬುದು ಇಡೀ ಕಾಲುವೆಯ ಉದ್ದಕ್ಕೂ ಹರಿದುಹೋಗಿತ್ತು. ತಲೆಯಿಂದ ಬಾಲದವರೆಗೆ, ಯಾವ ತೂಬಿಗೂ ತಾರತಮ್ಯವಿಲ್ಲದೆ! ನೀರೂ ಹಾಗೆ ಎಂದೂ ಮುಟ್ಟಿರಲಿಲ್ಲ. ಕೆಂಭಾವಿಯ ಸಂತೆಗೂ ಸುದ್ದಿ ಹೋಗಿ ಅತ್ತೆಯ ಅಣ್ಣ ಅಂಗಡಿಯಿಂದಲೇ ಫೋನು ಮಾಡಿದ.

“ತಂಗಿ, ಈ ಸಲ ನಿಂದ ಪಾಳಿ ಅದಂತಲ್ಲ. ಮಾತಾಡಿಬಿಡು ಅತ್ಲಾಗ. ಬೆಲ್ಲ ತಗೊಳ್ಳಾಕ ಬಂದವ್ರು ಬೆಲ್ಲ ಬಿಟ್ಟು ಇದನ್ನ ಕೇಳಾಕತ್ತಾರ.”

ಆ ಭಾನುವಾರ ನಾನು ಹೋದಾಗ ಮನೆ ರಣರಂಗ. ಮಾವ ಕಂಪ್ಯೂಟರಿನ ಮುಂದೆ, ಅತ್ತೆ ಬಾಗಿಲಲ್ಲಿ, ನಾನು ನಡುವೆ. ಅತ್ತೆ ನನ್ನ ಮುಖ ನೋಡಿಕೊಂಡು ಗಂಡನಿಗೆ ಬಿಸಿಬಿಸಿಯಾಗಿ ಹೇಳಿದಳು: “ನಾ ಮಾತಾಡಾಂಗಿಲ್ಲ! ಊರ ಮಂದಿ ಪಂಚಾಯ್ತಿ ಮಾಡ್ಯಾರಂತ ನಾ ಇವರ ಜೋಡಿ ಮಾತಾಡ್ಲೇನು? ನನಗ ಮಾನ ಇಲ್ಲೇನು? ಮಾತಾಡಾಂಗಿಲ್ಲ ಅಂದ್ರ ಮಾತಾಡಾಂಗಿಲ್ಲ!”

ಮಾವ ಮೆಲ್ಲಗೆ ನನ್ನತ್ತ ವಾಲಿದ. “ಇದು ನಿನಗ ಅಂದಿದ್ದೋ, ನನಗ ಅಂದಿದ್ದೋ? ನನಗ ಆಗಿದ್ರ ಪಾಳಿ ಮುಗೀತು.”

“ತಪ್ಪು ನಿಂದ ಅದ ಮಾವ, ಒಪ್ಕೊಂಡುಬಿಡು,” ಎಂದೆ.

ಹಾಗೆನ್ನಬಾರದಿತ್ತು. ಮಾವನ ಮೇಲೆ ಹೊರಿಸಬಾರದ ಆರೋಪ ಅದೊಂದೇ. ಅವನ ಕೋಡಿನಲ್ಲಿ ಎಂದೂ ತಪ್ಪಿರುವುದಿಲ್ಲ. ಕರೆಂಟಿನಲ್ಲಿರಬಹುದು, ತಂತಿಯಲ್ಲಿರಬಹುದು, ಕೇಳಿದವನ ಬೆರಳಿನಲ್ಲಿರಬಹುದು, ಕೋಡಿನಲ್ಲಿಲ್ಲ! “ಏನು ತಪ್ಪು? ನಾ ಖುಲ್ಲಾ ಅಂತ ಬರದೀನಿ, ಅದು ಖುಲ್ಲಾ ಮಾಡ್ಯಾದ. ಕೋಡು ಬರೋಬ್ಬರಿ ಅದ. ನನ್ನ ಕೋಡು ಅಂದ್ರ ಖಾತ್ರಿ,” ಎಂದು ಗುಡುಗಿದ. ಗುಡುಗುತ್ತಲೇ ಕ್ಲಾಸಿನ ನೆತ್ತಿಯ ಗುರುತನ್ನು ಅಳಿಸಿ ನೀರಿನ ಪಾಳಿಯೊಂದರ ತಲೆಯ ಮೇಲಷ್ಟೇ ಹಾಕಿದ. ಉಳಿದವು ಒಳಗೆ ಸೇರಿಕೊಂಡವು. ಅತ್ತೆಯ ಜಳಕ ಮತ್ತೆ ಅತ್ತೆಯದೇ ಆಯಿತು.

ಆಮೇಲೆ ಆ ಸರ್ವೀಸು ಒಮ್ಮೆಯೂ ಕೆಡಲಿಲ್ಲ. ಇದು ನಗುವ ಮಾತಲ್ಲ. ರೈತ ಹೊಲದಲ್ಲೇ ನಿಂತು ಒಂದು ಒತ್ತುತ್ತಿದ್ದ, ಪಾಳಿ ಬರುತ್ತಿತ್ತು. ಬಾಲದ ತೂಬಿನವನಿಗೂ ಹಾದಿ ಸವೆಸುವುದು ಉಳಿಯಿತು, ಬಸ್ಸಿನ ಖರ್ಚು ಉಳಿಯಿತು. ಕೂರುವುದಿಲ್ಲ, ಕುಡಿಯುವುದಿಲ್ಲ, ಎಮ್ಮೆಯ ಸುದ್ದಿಯಿಲ್ಲ. ಮಾವ ಗೆದ್ದಿದ್ದ. ಮನೆ ಎಷ್ಟು ಸ್ತಬ್ಧವಾಯಿತೆಂದರೆ ಕಂಪ್ಯೂಟರಿನ ಫ್ಯಾನು ಅಡುಗೆಮನೆಗೂ ಕೇಳುತ್ತಿತ್ತು.

ಅತ್ತೆ ಸೋಲೊಪ್ಪುವವಳಲ್ಲ. ಕರೆಂಟಿನ ಮೀಟರು ಓದಲು ಬಂದವನನ್ನು ಹಿಡಿದು ಕೂರಿಸಿ, ಅವನ ಹೆಂಡತಿಯ ತವರಿನ ಸಮಾಚಾರ ಮುಗಿಯುವವರೆಗೆ ಬಿಡಲಿಲ್ಲ. ಪಾಪ, ಅವನು ಮರುತಿಂಗಳು ಹೊರಗಿನಿಂದಲೇ ಅಂದಾಜು ಬರೆದುಕೊಂಡು ಓಡಿದ. ಸಿಲಿಂಡರು ತಂದವನು ಗ್ಯಾಸನ್ನು ಗೇಟಿನಲ್ಲೇ ಇಟ್ಟು ಗಾಡಿ ಹತ್ತಿದ. ದಾರಿತಪ್ಪಿ ಬಂದ ಒಬ್ಬ ಪಾತ್ರೆ ಮಾರುವವನಿಗೆ ಉಪ್ಪಿಟ್ಟು ಸಿಕ್ಕಿತು. ಅವನು ಬೇಡದ ಒಂದು ಕೊಳಗವನ್ನು ಗಂಟುಹಾಕಿ ಹೋದ. ಒಂದು ಮಧ್ಯಾಹ್ನವಂತೂ ನಾನು ಹೋದಾಗ ಅತ್ತೆ ತಾನೇ ಆ ನಂಬರಿಗೆ ಫೋನು ಹಚ್ಚಿ ಒಂದು ಒತ್ತಿ, ಬಂದ ಉತ್ತರ ಓದುತ್ತ ಕೂತಿದ್ದಳು.

“ಯಾಕತ್ತಿ, ನಮ್ಮ ಹೊಲಕ್ಕ ನೀರು ಯಾವಾಗಂತ?”

“ನೀರು ಯಾರಿಗಿ ಬೇಕಾಗ್ಯಾದ? ಇದರ ಜೋಡಿಯಾದ್ರೂ ಮಾತಾಡೋಣ ಅಂದ್ರ ಇದೂ ನಿಮ್ಮ ಮಾವನಂಗ. ಒಂದು ಹೇಳಿ ಬಾಯಿ ಮುಚ್ಚತದ.”

ನಾವಿಬ್ಬರೂ ನಕ್ಕೆವು. ಒಳಗೆ ಮಾವನ ಬೆರಳು ಕೀಲಿಮಣೆಯ ಮೇಲೆ ಓಡುತ್ತಿದ್ದದ್ದು ನಿಂತಿತು ಎಂದು ಬರೆಯುವ ಆಸೆಯಾಗುತ್ತಿದೆ. ಆದರೆ ಆ ಹೊತ್ತಿಗೆ ಅವನು ಮನೆಯಲ್ಲಿದ್ದನೋ, ಟೈಪಿಂಗ್ ಕ್ಲಾಸಿಗೆ ಹೋಗಿದ್ದನೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಸಂಜೆ ಊಟಕ್ಕೆ ಕೂತಾಗ ಅತ್ತೆ ಅವನ ತಾಟಿಗೆ ರೊಟ್ಟಿ ಹಾಕುತ್ತ, ಕೊಂಕಿಲ್ಲದೆ, ಮೆತ್ತಗೆ ಹೇಳಿದಳು: “ನೀವು ಮಾಡಿದ್ದು ಛಲೋ ಕೆಲಸ ಅದ್ರಿ. ಮಂದಿಗಿ ಭಾಳ ಅನುಕೂಲ ಆಗ್ಯಾದ.” ಅತ್ತೆ ಮಾವನೊಂದಿಗೆ ಜಗಳವಾಡದೆ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಅವಳ ಮುಖ ನೋಡಿದ. ರೊಟ್ಟಿ ಮುರಿಯುವುದನ್ನೂ ಮರೆತು ಕೂತ.

ಅದಾದ ಸ್ವಲ್ಪ ದಿನಕ್ಕೆ ಯಾದಗಿರಿಯ ನಮ್ಮ ಕಾಲೇಜಿನಲ್ಲಿ, ಮುದನಾಳದ ಸಹೋದ್ಯೋಗಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಬೀಗರ ಹೊಲ ಇದೇ ಕಾಲುವೆಯ ಮೇಲಿತ್ತು.

“ಮೇಡಂ, ನಿಮ್ಮ ಮಾವನ ಕಂಪ್ಯೂಟರಿಗಿ ಏನಾರ ಆಗ್ಯಾದೇನ್ರಿ?”

“ಯಾಕ್ರಿ? ಪಾಳಿ ತಪ್ಪು ಬಂತೇನು?”

“ಪಾಳಿ ಬರೋಬ್ಬರಿ ಬರ್ತದರಿ. ಕೆಳಗ ಒಂದು ಸಾಲು ಹೊಸಾದು ಬರಾಕತ್ತದ, ನೋಡ್ರಿ.”

ಅವರ ಫೋನಿನಲ್ಲಿ ಹೀಗಿತ್ತು: ನಿಮ್ಮ ಪಾಳಿ ಗುರುವಾರ ಮುಂಜಾನೆ. ಈ ಉತ್ತರ ಖಾತ್ರಿ ಇಲ್ಲ. ಒಮ್ಮೆ ಮನೆಗೆ ಬಂದು ಕೇಳಿಕೊಂಡು ಹೋಗುವುದು.

ಖಾತ್ರಿ ಇಲ್ಲ! ಮಾವನ ಕೋಡು! ಭೂಮಿ ಬಾಯಿಬಿಟ್ಟಿದ್ದರೂ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಏನೋ ಆಗಿರಬೇಕು, ಮಾವನಿಗೇ ಮೈಯಲ್ಲಿ ಸರಿಯಿಲ್ಲವೇನೋ ಎಂದು ಮೊದಲ ಬಸ್ಸು ಹಿಡಿದೆ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಬಾಗಿಲಿಗೆ ಓಡಿದೆ. ಆದರೆ ಒಳಗಿನಿಂದ ನಗೆ ಕೇಳಿಸಿತು. ಪಡಸಾಲೆಯ ತುಂಬ ಜನ, ಕುರ್ಚಿ ಸಾಲದೆ ನೆಲದ ಮೇಲೂ ಜನ. ಯಾರದೋ ಮಗಳಿಗೆ ಗಂಡು ಗೊತ್ತಾಗಿತ್ತು, ಯಾರದೋ ಎಮ್ಮೆ ಈದಿತ್ತು. ನಡುವೆ ಅತ್ತೆ, ಹೊಸ ಕೊಳಗದ ತುಂಬ ಚಹಾ ಕಾಸಿಕೊಂಡು.

“ಮಾಸ್ತರ ಮಿಷಿನ್ ಕೆಟ್ಟಾದಂತಲ್ರಿ ಅಕ್ಕಾರ?” ಎಂದು ಒಬ್ಬ ಛೇಡಿಸಿದ.

“ಕೆಡಲಾರ್ದ ಏನ್ರಿ! ನಾ ಮೊದಲೇ ಹೇಳಿದ್ದೆ, ಇವರ ಕೋಡು ನಂಬಬ್ಯಾಡ್ರಿ ಅಂತ. ಯಾರು ಕೇಳ್ತಾರ? ಮಿಷಿನಿಗಿ ಏನು ತಿಳಿತದ ಬದುಕು! ದೊಡ್ಡ ಇಂಜಿನಿಯರ್ ಇವರು, ಒಂದು ಪಾಳಿ ನೆಟ್ಟಗ ಹೇಳಾಕ ಬರಾಂಗಿಲ್ಲ. ಕುಂದರ್ರಿ, ಅವಸರ ಏನದ, ಇನ್ನೊಂದು ಕಪ್ ಹಾಕ್ತೀನಿ.”

ಮಂದಿ ಹೋ ಎಂದು ನಕ್ಕರು. ನಾನು ಕಂಪ್ಯೂಟರಿನ ಕೋಣೆಗೆ ಹೋದೆ. ಮಾವ ಅಲ್ಲಿದ್ದ, ಆರೋಗ್ಯವಾಗಿದ್ದ. ಹೊರಗೆ ಅವನ ಮಾನ ಕೊಚ್ಚಿ ಹೋಗುತ್ತಿತ್ತು.

“ಮಾವ, ಖಾತ್ರಿ ಇಲ್ಲ ಅಂತ ಬರಾಕತ್ತದ. ಎಲ್ಲಿ ತಪ್ಪಾಗ್ಯಾದ? ಹುಡುಕೋಣೇನು?”

“ಬ್ಯಾಡ,” ಎಂದ ಮಾವ. “ಆ ಸಾಲು ನಾನೇ ಹಾಕೀನಿ. ಆಕಿಗಿ ಹೇಳಬ್ಯಾಡ.”

ನಾನು ಬಾಗಿಲು ಮುಚ್ಚಲು ಹೋದೆ, ಅಷ್ಟು ಗದ್ದಲ. ಮಾವ ಬೇಡವೆಂದು ಕೈ ಅಡ್ಡ ಹಿಡಿದ. ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದುಕೊಂಡು, ಒಂದು ಕಿವಿ ಹೊರಗೆ ಕೊಟ್ಟು ಹೇಳಿದ:

“ಕೇಳು, ಎಷ್ಟು ಛಲೋ ಬೈಯಾಕತ್ತಾಳ.”